‘ಸಂಜೆ 6 ಗಂಟೆಗೆ ಸರಿಯಾಗಿ’ ಅಂದರೆ ಎಷ್ಟು ಗಂಟೆಗೆ?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ರಾತ್ರಿ 10 ಗಂಟೆಗೆ ಮೈಕ್ ಬಂದ್ ಮಾಡಿಸುವ ನಿಯಮದಿಂದ ಜಾತ್ರೆ, ಹಬ್ಬಗಳಲ್ಲಿ ಹಾಡುವ ಕಲಾವಿದರ ಹೊಟ್ಟೆ ಮೇಲೆ ಹೊಡೆದಂತಾಗಿದೆ, ಅದನ್ನು 12ರವರೆಗೆ ಸಡಿಲಿಸಬೇಕು ಎಂದು ಓದುಗರೊಬ್ಬರು ಈಚೆಗೆ ನಿಮ್ಮ ಪತ್ರಿಕೆಗೆ ಬರೆದಿದ್ದರು. ಅವರ ಕಳಕಳಿ ನನಗೆ ಅರ್ಥವಾಗುತ್ತದೆ. ಆದರೆ ಅವರು ಕಳ್ಳನನ್ನು ಬಿಟ್ಟು ಕಾವಲುಗಾರನನ್ನು ಹಿಡಿದಿದ್ದಾರೆ. ಹೋದ ಶನಿವಾರ, ಭಾನುವಾರ ನಾನು ಎರಡು ಊರಿನಲ್ಲಿ ಕಂಡದ್ದನ್ನು ಬರೆಯುತ್ತಿದ್ದೇನೆ. ಪತ್ರ ಉದ್ದವಾಯಿತು ಅನ್ನಿಸಿದರೆ ಎಲ್ಲಿ ಬೇಕಾದರೂ ಕತ್ತರಿಸಿ, ನಾನು ಬರೆದಿಟ್ಟುಕೊಂಡ ಟೈಮನ್ನು ಮಾತ್ರ ಕತ್ತರಿಸಬೇಡಿ.

ಅರಸೀಕೆರೆಯಲ್ಲಿ 34 ವರ್ಷದಿಂದ ವಾಚ್ ರಿಪೇರಿ ಮಾಡಿಕೊಂಡಿರುವವನು ನಾನು. ಅಂಗಡಿ ಅನ್ನುವುದು ದೊಡ್ಡ ಮಾತು, ಮಹಡಿ ಮೆಟ್ಟಿಲಿನ ಕೆಳಗೆ ಒಂದು ಗಾಜಿನ ಗೂಡು. ಈಗೆಲ್ಲ ಸೆಲ್ ಹಾಕುವುದು, ಬೆಲ್ಟ್ ಬದಲಾಯಿಸುವುದೇ ಹೆಚ್ಚು. ಕೀ ಕೊಡುವ ವಾಚು ತಿಂಗಳಿಗೆ ಎರಡೋ ಮೂರೋ ಬಂದರೆ ಆ ದಿನ ಹಬ್ಬ. ನನ್ನ ಕೈಯಲ್ಲಿರುವುದು ಅಪ್ಪನ ಎಚ್‌ಎಂಟಿ ಜನತಾ. ಆ ಕಂಪನಿಯ ವಾಚ್ ಕಾರ್ಖಾನೆ ಮುಚ್ಚುವ ತೀರ್ಮಾನ 2016ರಲ್ಲೇ ಆಗಿಹೋಯಿತು, ವಾಚು ಮಾತ್ರ ಇವತ್ತಿಗೂ ನಡೆಯುತ್ತಿದೆ. ದಿನಕ್ಕೆ ಅರ್ಧ ನಿಮಿಷ ಹಿಂದೆ ಬೀಳುತ್ತದೆ, ಬೆಳಗ್ಗೆ ಕೀ ಕೊಡುವಾಗ ಸರಿ ಮಾಡಿಕೊಳ್ಳುತ್ತೇನೆ. ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ಮುಂದೆ ಬರುವ ಗಂಟೆ, ನಿಮಿಷಗಳ ಲೆಕ್ಕವನ್ನು ಯಾರೂ ‘ಅಂದಾಜು’ ಎಂದುಕೊಳ್ಳಬಾರದು.

ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯನಿಗೆ ನಾವು ಇಟ್ಟ ಹೆಸರು ಡಬ್ಬ. ಜ್ಯಾಮಿಟ್ರಿ ಬಾಕ್ಸನ್ನು ಬೋರಲು ಹಾಕಿಕೊಂಡು ಎರಡು ಪೆನ್ಸಿಲಿನಲ್ಲಿ ಬಾರಿಸುತ್ತಿದ್ದ. ಗಣಿತದ ಮೇಷ್ಟ್ರ ಕೈಯಲ್ಲಿ ಅವನು ತಿಂದ ಏಟಿಗೆ ಲೆಕ್ಕವಿಲ್ಲ, ಬಾರಿಸುವುದನ್ನು ಮಾತ್ರ ಬಿಡಲಿಲ್ಲ. ಆಮೇಲೆ ಮೈಸೂರಿಗೆ ಹೋದ, ಒಂದು ಆರ್ಕೆಸ್ಟ್ರಾದಲ್ಲಿ ಡೋಲಕ್ಕಿಗೆ ಕೂತ, ಈಗ ಆಕ್ಟೋಪ್ಯಾಡ್ ಅನ್ನುವ ಕರೆಂಟಿನ ತಾಳವಾದ್ಯ ನುಡಿಸುತ್ತಾನೆ. ಗಣೇಶನ ಹಬ್ಬಕ್ಕೆ ಅವರ ಸೀಸನ್ ಶುರು. ನವೆಂಬರ್ ಒಂದನೇ ತಾರೀಕಿನ ರಾಜ್ಯೋತ್ಸವವನ್ನು ನಮ್ಮ ಜನ ತಿಂಗಳ ಕೊನೆಯವರೆಗೂ ಎಳೆಯುವುದರಿಂದ ಆ ತಿಂಗಳು ಬಿಡುವಿರುವುದಿಲ್ಲ. ಸಂಕ್ರಾಂತಿ ಕಳೆದ ಮೇಲೆ ಜಾತ್ರೆಗಳು. ಆಷಾಢ ಬಂತೆಂದರೆ ಮನೆ. 2020 ಮತ್ತು 2021ರಲ್ಲಿ ವರ್ಷವೆಲ್ಲ ಆಷಾಢವೇ ಆಗಿತ್ತು, ಆಗ ಅವನು ಗೂಡ್ಸ್ ಆಟೋ ಓಡಿಸಿಕೊಂಡಿದ್ದ.

ಇಷ್ಟು ವರ್ಷದ ಗೆಳೆತನದಲ್ಲಿ ಅವನ ಒಂದು ಪ್ರೋಗ್ರಾಮನ್ನೂ ನಾನು ಮೊದಲಿನಿಂದ ಕೊನೆಯವರೆಗೆ ಕೂತು ನೋಡಿರಲಿಲ್ಲ. ‘ಬಾರೋ, ಎರಡು ದಿನ ಅಂಗಡಿ ಮುಚ್ಚಿದ್ರೆ ಊರಿನ ಟೈಮೇನು ನಿಂತುಹೋಗಲ್ಲ’ ಅಂತ ಫೋನಿನಲ್ಲಿ ಬೈದ. ಶನಿವಾರ ಬೆಳಗ್ಗೆ 11.40ಕ್ಕೆ ಅವರ ಟೆಂಪೋ ಟ್ರಾವೆಲರ್ ಗಾಡಿ ಅರಸೀಕೆರೆ ಬೈಪಾಸಿನಲ್ಲಿ ನನ್ನನ್ನು ಹತ್ತಿಸಿಕೊಂಡಿತು. ನುಡಿಸುವವರು ಏಳು ಜನ, ಹಾಡುವವರು ನಾಲ್ಕು ಜನ, ಅದರಲ್ಲಿ ಇಬ್ಬರು ಹೆಣ್ಣುಮಕ್ಕಳು, ಜೊತೆಗೆ ಓನರು, ಡ್ರೈವರು. ವಾದ್ಯಗಳು ಹಿಂದೆ ಇನ್ನೊಂದು ಚಿಕ್ಕ ಗೂಡ್ಸ್ ಗಾಡಿಯಲ್ಲಿ.

ಆರ್ಕೆಸ್ಟ್ರಾದವರ ಗಾಡಿಯಲ್ಲಿ ದಾರಿಯುದ್ದಕ್ಕೂ ಹಾಡು, ತಮಾಷೆ ಇರುತ್ತದೆ ಎಂದುಕೊಂಡಿದ್ದೆ. ಕಡೂರು ದಾಟುವ ಹೊತ್ತಿಗೆ ಎಲ್ಲರೂ ನಿದ್ದೆ. ಹಿಂದಿನ ರಾತ್ರಿ ಬೇರೆ ಊರಿನಲ್ಲಿ ನುಡಿಸಿ, ಬೆಳಗಿನ ಜಾವ ಮೂರೂವರೆಗೆ ಮನೆ ಸೇರಿ, ಎಂಟಕ್ಕೆ ಮತ್ತೆ ಗಾಡಿ ಹತ್ತಿದವರು. ಬೀರೂರಿನಲ್ಲಿ ಟೀ ಕುಡಿದ ಮೇಲೆ ಮಾತು ಶುರುವಾಯಿತು, ಅದೂ ಹಾಡಿನ ಬಗ್ಗೆ ಅಲ್ಲ. ಹಿರಿಯ ಗಾಯಕಿ, ಅವರನ್ನು ಎಲ್ಲರೂ ಅಕ್ಕ ಎನ್ನುತ್ತಾರೆ, ‘ಇವತ್ತಿನ ಊರು ಯಾವುದು ಅಂದ್ರಿ?’ ಎಂದು ಓನರನ್ನು ಕೇಳಿದರು. ಹೆಸರು ಹೇಳಿದ ಕೂಡಲೇ, ‘ಓ, ಆ ಊರಾ? ಸ್ಟೇಜ್ ಹಿಂದೆ ಸ್ಕೂಲಿದೆ. ಹೋದ ಸಲ ಬೀಗ ತೆಗೆಸಿಕೊಟ್ಟಿದ್ರು. ಪರವಾಗಿಲ್ಲ’ ಎಂದರು. ಆಮೇಲೆ ಗೊತ್ತಾಯಿತು, ಆ ಇಬ್ಬರು ಹೆಣ್ಣುಮಕ್ಕಳ ತಲೆಯಲ್ಲಿ ಕರ್ನಾಟಕದ ಊರುಗಳೆಲ್ಲ ಇರುವುದು ಬಚ್ಚಲುಮನೆಯ ಗುರುತಿನ ಮೇಲೆ. ಒಂದು ಊರಿನಲ್ಲಿ ದೇವಸ್ಥಾನದ ಅರ್ಚಕರ ಮನೆ, ಇನ್ನೊಂದರಲ್ಲಿ ಪೆಟ್ರೋಲ್ ಬಂಕ್, ಮತ್ತೊಂದರಲ್ಲಿ ಏನೂ ಇಲ್ಲ, ಆದ್ದರಿಂದ ಮಧ್ಯಾಹ್ನದಿಂದ ನೀರು ಕುಡಿಯುವ ಹಾಗಿಲ್ಲ. ಮೂರು ಗಂಟೆ ಹಾಡಬೇಕಾದವರು ನೀರು ಕುಡಿಯದೆ ಹಾಡುತ್ತಾರೆ.

ಶನಿವಾರ ಜಾತ್ರೆಯ ಪ್ರೋಗ್ರಾಂ ಇದ್ದ ಆ ತಾಲ್ಲೂಕು ಕೇಂದ್ರದ ಹೆಸರು ಬೇಡ. ನಾನು ಬರೆಯುತ್ತಿರುವುದು ಅದೊಂದು ಊರಿನ ಕಥೆಯೂ ಅಲ್ಲ, ನಿಮ್ಮ ಓದುಗರಿಗೆ ಅವರವರ ಊರೇ ನೆನಪಾಗುತ್ತದೆ.

ನಾಲ್ಕು ಗಂಟೆಗೆ ತಲುಪಿದೆವು. ಐದೂವರೆಯೊಳಗೆ ವಾದ್ಯಗಳನ್ನೆಲ್ಲ ಜೋಡಿಸಿ, ವೈರು ಎಳೆದು, ಮೈಕ್ ಚೆಕ್ ಮಾಡಿ ಮುಗಿಸಿದರು. ಗೆಳೆಯ ತನ್ನ ಪ್ಯಾಡನ್ನು ಹತ್ತಿರದಿಂದ ತೋರಿಸಿದ. ಎರಡು ಸಾಲಿನಲ್ಲಿ ಎಂಟು ರಬ್ಬರಿನ ಚೌಕಗಳು. ಒಂದನ್ನು ಹೊಡೆದರೆ ತಬಲಾ, ಪಕ್ಕದ್ದು ದಗ್ಗಾ, ಮೇಲಿನದು ಖಂಜಿರ, ಮೂಲೆಯದು ತಮಟೆ. ಬಲಗಡೆ ಕೆಳಗಿನ ಚೌಕದ ರಬ್ಬರು ಸವೆದು ನುಣ್ಣಗಾಗಿದೆ, ಹೆಚ್ಚು ಏಟು ತಿನ್ನುವುದು ಅದೇ, ಡೋಲಕ್ಕಿನ ಜಾಗ. ಕೋಲುಗಳನ್ನು ಹಳೆಯ ಬ್ಯಾಡ್ಮಿಂಟನ್ ರ‍್ಯಾಕೆಟಿನ ಚೀಲದಲ್ಲಿ ಇಟ್ಟುಕೊಂಡಿದ್ದಾನೆ. ಮೊದಲೆಲ್ಲ ಮಲೆನಾಡಿನ ಕಡೆ ಬಂದರೆ ಇಬ್ಬನಿಗೆ ಚರ್ಮ ಸಡಿಲವಾಗಿ ಡೋಲಕ್ಕಿನ ಶ್ರುತಿ ಕೂರುತ್ತಿರಲಿಲ್ಲವಂತೆ, ಎರಡು ಹಾಡಿಗೊಮ್ಮೆ ಹಗ್ಗದ ಬಳೆ ಎಳೆಯುತ್ತಾ ಕೂರಬೇಕಿತ್ತಂತೆ. ‘ಇದು ಬಂದ ಮೇಲೆ ಆ ತಾಪತ್ರಯ ಇಲ್ಲ. ಆದ್ರೆ ತಬಲಾದವನು, ಕಾಂಗೋ ಡ್ರಮ್ಮಿನವನು ಇಬ್ಬರೂ ಮನೆಗೆ ಹೋದ್ರು ಕಣೋ’ ಎಂದ. ಹಳೆಯ ಡೋಲಕ್ಕನ್ನು ಮಾತ್ರ ಇವತ್ತಿಗೂ ಬಟ್ಟೆ ಸುತ್ತಿ ಗಾಡಿಯಲ್ಲಿ ಹಾಕಿಕೊಂಡೇ ಬರುತ್ತಾನೆ.

ಆಹ್ವಾನ ಪತ್ರಿಕೆಯಲ್ಲಿ ಹೀಗಿತ್ತು: ‘ಸಂಜೆ 6 ಗಂಟೆಗೆ ಸರಿಯಾಗಿ ಸಭಾ ಕಾರ್ಯಕ್ರಮ, 7.30ಕ್ಕೆ ಸರಿಯಾಗಿ ರಸಮಂಜರಿ’. 34 ವರ್ಷ ಗಡಿಯಾರ ಬಿಚ್ಚಿದವನಾಗಿ ಹೇಳುತ್ತೇನೆ, ಕನ್ನಡದಲ್ಲಿ ‘ಸರಿಯಾಗಿ’ ಅನ್ನುವಷ್ಟು ಕೆಟ್ಟುಹೋದ ಪದ ಇನ್ನೊಂದಿಲ್ಲ. 6 ಗಂಟೆಗೆ ಸರಿಯಾಗಿ ಮೈದಾನದಲ್ಲಿ ಇದ್ದವರು ಕುರ್ಚಿ ಹಾಕುತ್ತಿದ್ದ ಇಬ್ಬರು ಹುಡುಗರು, ಕಡಲೆಕಾಯಿ ಗಾಡಿಯವರು, ನಾನು.

ಗಣ್ಯರು ಬಂದದ್ದು 7.22ಕ್ಕೆ. ವೇದಿಕೆಯ ಮುಂಭಾಗದಲ್ಲಿ 14 ಕುರ್ಚಿ. ವಾದ್ಯದವರು ಆ ಕುರ್ಚಿಗಳ ಹಿಂದೆ, ಕತ್ತಲಲ್ಲಿ. ಜೋಡಿಸಿದ ವಾದ್ಯ ಬಿಟ್ಟು ಏಳುವಂತಿಲ್ಲ, ಯಾರಾದರೂ ವೈರು ತುಳಿದರೆ ಮತ್ತೆ ಮೊದಲಿನಿಂದ. ಹಾಗಾಗಿ ನನ್ನ ಗೆಳೆಯ ಕೋಲು ಹಿಡಿದುಕೊಂಡು, ಮುಖ್ಯ ಅತಿಥಿಗಳ ಬೆನ್ನು ನೋಡಿಕೊಂಡು ಕೂತಿದ್ದ. ನಾನು ಮೂರನೇ ಸಾಲಿನಲ್ಲಿ, ಜೇಬಿನಲ್ಲಿದ್ದ ರಸೀದಿ ಪುಸ್ತಕದ ಹಿಂಬದಿಯಲ್ಲಿ ಟೈಮ್ ಬರೆದುಕೊಳ್ಳುತ್ತಾ ಕೂತೆ.

7.31ಕ್ಕೆ ನಾಡಗೀತೆ. ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ ಎರಡೂವರೆ ನಿಮಿಷದಲ್ಲಿ ಹಾಡಬೇಕು ಎಂದು 2022ರಲ್ಲಿ ಸರ್ಕಾರ ಆದೇಶ ಮಾಡಿತಲ್ಲ, ಅದೇ ಪ್ರಕಾರ ರೆಕಾರ್ಡ್ ಹಾಕಿದರು, ಎರಡೂವರೆ ನಿಮಿಷಕ್ಕೆ ಮುಗಿಯಿತು. ಆ ಸಂಜೆ ಹೇಳಿದ ಹೊತ್ತಿಗೆ ಮುಗಿದದ್ದು ಅದೊಂದೇ. ಎದ್ದು ನಿಂತಿದ್ದ ನನಗೆ ಒಂದು ಯೋಚನೆ ಬಂತು: ನಾಡಗೀತೆಗೇ ಇಷ್ಟೇ ನಿಮಿಷ ಎಂದು ಕಟ್ಟುಪಾಡು ಮಾಡಬಹುದಾದರೆ, ಸ್ವಾಗತ ಭಾಷಣಕ್ಕೆ ಯಾಕೆ ಆಗುವುದಿಲ್ಲ?

7.34ಕ್ಕೆ ಪ್ರಾರ್ಥನೆ. ಲಂಗ ದಾವಣಿಯ ಹುಡುಗಿ ಚೆನ್ನಾಗಿ ಹಾಡಿದಳು. 7.38ಕ್ಕೆ ಸ್ವಾಗತ, 14 ಜನಕ್ಕೂ ಒಬ್ಬೊಬ್ಬರ ಬಿರುದು ಬಾವಲಿ ಹೇಳಿ ಹೂ ಕೊಟ್ಟು ಮುಗಿಯುವಾಗ 7.56. ದೀಪ ಹಚ್ಚಲು ಐದು ನಿಮಿಷ, ಗಾಳಿಗೆ ಬತ್ತಿ ನಿಲ್ಲಲಿಲ್ಲ, ಅದು ಯಾರ ತಪ್ಪೂ ಅಲ್ಲ. 8.01ರಿಂದ 8.19ರವರೆಗೆ ಪ್ರಾಸ್ತಾವಿಕ ನುಡಿ. ‘ನಾನು ಹೆಚ್ಚು ಮಾತಾಡುವುದಿಲ್ಲ, ನಿಮ್ಮೆಲ್ಲರ ಕಿವಿ ಸಂಗೀತಕ್ಕೆ ಕಾಯುತ್ತಿದೆ ಅಂತ ನನಗೆ ಗೊತ್ತು’ ಎಂದು ಅವರು ಮೂರು ಸಲ ಹೇಳಿದರು. ಅದನ್ನು ಹೇಳುವುದಕ್ಕೇ ಎರಡು ನಿಮಿಷ ಹಿಡಿದಿರಬೇಕು.

ಆಮೇಲೆ ಸನ್ಮಾನ. 23 ಜನ.

ಸಂಪಾದಕರೇ, ಒಂದು ಸನ್ಮಾನದಲ್ಲಿ ಏನೇನಿರುತ್ತದೆ ಎಂದು ನಾನು ಹಿಂದೆ ಯಾವತ್ತೂ ಬಿಡಿಬಿಡಿಯಾಗಿ ನೋಡಿರಲಿಲ್ಲ. ಹೆಸರು ಕರೆಯುವುದು. ಅವರು ಸಭಿಕರ ನಡುವಿನಿಂದ ಎದ್ದು, ಗುರುತಿನವರಿಗೆ ಕೈ ಮುಗಿಯುತ್ತಾ ಮೆಟ್ಟಿಲು ಹತ್ತುವುದು. ಕುರ್ಚಿಯಲ್ಲಿ ಕೂರಿಸುವುದು. ಪೇಟ, ಅದು ತಲೆಗಿಂತ ಚಿಕ್ಕದು, ಹಿಂದಿನಿಂದ ಒಬ್ಬರು ಹಿಡಿದುಕೊಳ್ಳಬೇಕು. ಶಾಲು. ಏಲಕ್ಕಿ ಹಾರ. ಹಣ್ಣಿನ ಬುಟ್ಟಿ. ನೆನಪಿನ ಕಾಣಿಕೆ, ಅದರ ಪ್ಲಾಸ್ಟಿಕ್ ಹೊದಿಕೆ ಹರಿಯದೆ ಎರಡು ಮೂರು ಕೈ ಸೇರುತ್ತವೆ. ಎಲ್ಲ ಆದ ಮೇಲೆ ಫೋಟೋ. ಫೋಟೋ ಆದ ಮೇಲೆ ಕೆಳಗಿನಿಂದ ಯಾರೋ ಮೊಬೈಲ್ ಎತ್ತಿ ‘ಅಣ್ಣಾ, ಇಲ್ಲಿ, ಇಲ್ಲಿ’ ಎನ್ನುತ್ತಾರೆ, ಇನ್ನೊಂದು ಫೋಟೋ. ನಿರೂಪಕರು ಅಷ್ಟೂ ಹೊತ್ತು ‘ಕೊಡುಗೈ ದಾನಿಗಳು, ಸರಳ ಸಜ್ಜನಿಕೆಯ ಸಾಕಾರಮೂರ್ತಿಗಳು’ ಎನ್ನುತ್ತಿರುತ್ತಾರೆ. ಇಪ್ಪತ್ತು ಜನ ಸಾಕಾರಮೂರ್ತಿಗಳನ್ನು ಒಟ್ಟಿಗೆ ಒಂದೇ ಊರಿನಲ್ಲಿ ಕಂಡದ್ದು ನನ್ನ ಪುಣ್ಯ.

8.19ಕ್ಕೆ ಶುರುವಾದದ್ದು 9.12ಕ್ಕೆ ಮುಗಿಯಿತು. 53 ನಿಮಿಷ. ಭಾಗಿಸಿ ನೋಡಿದೆ, ತಲೆಗೆ 2 ನಿಮಿಷ 18 ಸೆಕೆಂಡ್. ಸರಾಸರಿ ಅಂದೆ, ಎಲ್ಲರಿಗೂ ಅಷ್ಟು ಸಿಗಲಿಲ್ಲ. ಹತ್ತೊಂಬತ್ತನೆಯವರಾಗಿ ಬಂದವರು ಆ ಊರಿನ ರಸ್ತೆ ಗುಡಿಸುವ ಪೌರಕಾರ್ಮಿಕ ಅಮ್ಮ. ಆ ಪಟ್ಟಿಯಲ್ಲಿ ನಿಜವಾಗಿ ಸನ್ಮಾನ ಆಗಬೇಕಾಗಿದ್ದ ಮೂರು ನಾಲ್ಕು ಜನರಲ್ಲಿ ಆಕೆ ಒಬ್ಬರು. ಆ ಹೊತ್ತಿಗೆ ಏಲಕ್ಕಿ ಹಾರ ಮುಗಿದಿತ್ತು, ಫೋಟೋದವನು ಕ್ಯಾಮೆರಾದ ಬ್ಯಾಟರಿ ಬದಲಾಯಿಸುತ್ತಿದ್ದ. ಶಾಲು ಹೊದೆಸಿ 40 ಸೆಕೆಂಡಿನಲ್ಲಿ ಇಳಿಸಿದರು.

ಸರ್ಕಾರಿ ಕಾರ್ಯಕ್ರಮಗಳಲ್ಲಿ ಹಾರ, ತುರಾಯಿ, ಶಾಲು, ಹಣ್ಣಿನ ಬುಟ್ಟಿ ಬೇಡ, ಕೊಡಲೇಬೇಕೆಂದರೆ ಕನ್ನಡ ಪುಸ್ತಕ ಕೊಡಿ ಎಂದು 2021ರ ಆಗಸ್ಟಿನಲ್ಲಿ ಸುತ್ತೋಲೆಯೇ ಹೊರಟಿತ್ತು. ಜಾತ್ರಾ ಸಮಿತಿಗೆ ಅದು ಅನ್ವಯಿಸುವುದಿಲ್ಲ ನಿಜ, ಬುದ್ಧಿ ಅನ್ವಯಿಸಬಹುದಲ್ಲ.

9.12ಕ್ಕೆ ಒಬ್ಬ ಅತಿಥಿಗಳು ‘ಸಮಯದ ಅಭಾವದಿಂದ ಎರಡೇ ಮಾತು’ ಎಂದು ಒಂಬತ್ತು ನಿಮಿಷ ಮಾತಾಡಿದರು. ಸಮಯದ ಅಭಾವವಂತೆ! ಎರಡು ಗಂಟೆಯಿಂದ ಅದೇ ಸಮಯವನ್ನು ಕಳ್ಳೆಪುರಿ ಥರ ತಿಂದವರು ಯಾರು? ವಂದನಾರ್ಪಣೆ ಮುಗಿದು, ಕುರ್ಚಿ ತೆಗೆದು, ಆರ್ಕೆಸ್ಟ್ರಾದವರು ಗಣಪತಿಯ ಹಾಡು ಎತ್ತಿಕೊಂಡಾಗ 9.27.

ಎರಡನೇ ಹಾಡಿಗೇ ಜನ ಎದ್ದು ಕುಣಿಯತೊಡಗಿದರು. ಬಸ್ ಹಿಡಿದು ಹಳ್ಳಿಯಿಂದ ಬಂದವರು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡವರು, ಎರಡು ಗಂಟೆ ಶಾಲು ನೋಡಿ ಸೋತವರು. ಮೂರನೇ ಹಾಡು ಮುಗಿಯುತ್ತಿದ್ದಂತೆ, 9.41ಕ್ಕೆ, ನಿರೂಪಕರು ಓಡಿಬಂದು ಮೈಕ್ ಕಿತ್ತುಕೊಂಡರು. ತಡವಾಗಿ ಬಂದ ಇನ್ನೊಬ್ಬ ಗಣ್ಯರು. ಅವರಿಗೂ ಪೇಟ, ಅವರದೂ ಹಿತನುಡಿ. 9.49ಕ್ಕೆ ಮತ್ತೆ ಹಾಡು. 9.58ಕ್ಕೆ ಇಬ್ಬರು ಪೊಲೀಸರು ಮೆಟ್ಟಿಲ ಬಳಿ ಬಂದು ನಿಂತರು. ಜೋರು ಮಾಡಲಿಲ್ಲ, ಕೈಗಡಿಯಾರ ತೋರಿಸಿದರು ಅಷ್ಟೆ. 10 ಗಂಟೆಗೆ, ಈ ಸಲ ಸರಿಯಾಗಿಯೇ, ಸೌಂಡಿನವನು ಮೇನ್ ಆಫ್ ಮಾಡಿದ.

ಅಕ್ಕ ಆಗ ಆರನೇ ಹಾಡಿನ ಚರಣದ ಮಧ್ಯದಲ್ಲಿದ್ದರು. ಮೈಕ್ ಸತ್ತರೂ ಅವರು ನಿಲ್ಲಿಸಲಿಲ್ಲ, ಆ ಸಾಲು ಮುಗಿಸಿಯೇ ಬಾಯಿ ಮುಚ್ಚಿದರು. ಮೂರನೇ ಸಾಲಿನಲ್ಲಿದ್ದ ನನಗೆ ಕೇಳಿಸಿತು, ಹತ್ತನೇ ಸಾಲಿನವರಿಗೆ ಕೇಳಿಸಿರಲಾರದು. ನನ್ನ ಗೆಳೆಯನೂ ಕೈ ನಿಲ್ಲಿಸಲಿಲ್ಲ. ಕರೆಂಟಿಲ್ಲದ ಪ್ಯಾಡಿನ ಮೇಲೆ ಕೋಲು ಬಿದ್ದರೆ ರಬ್ಬರಿನ ಟಪ್ ಟಪ್ ಸದ್ದು, ಚಪ್ಪಲಿ ಒದರಿದ ಹಾಗೆ. ಹೈಸ್ಕೂಲಿನ ಆ ಜ್ಯಾಮಿಟ್ರಿ ಬಾಕ್ಸೇ ಇದಕ್ಕಿಂತ ಚೆನ್ನಾಗಿ ನುಡಿಯುತ್ತಿತ್ತು.

ಸಂಗೀತ ನಡೆದದ್ದು ಒಟ್ಟು 25 ನಿಮಿಷ. ಹಾಡಿದ್ದು ಐದೂವರೆ ಹಾಡು. ಅವರ ಪಟ್ಟಿಯಲ್ಲಿ ಇದ್ದದ್ದು 24.

ಜನ ಕೂಗಾಡಿದ್ದು ಯಾರ ಮೇಲೆ ಗೊತ್ತೇ? ಪೊಲೀಸರ ಮೇಲೆ, ಆಮೇಲೆ ಆರ್ಕೆಸ್ಟ್ರಾದವರ ಮೇಲೆ. ‘ದುಡ್ಡು ಇಸ್ಕೊಂಡು ಅರ್ಧ ಗಂಟೇನೂ ಹಾಡಲಿಲ್ಲ’ ಎಂದು ಒಬ್ಬ ಕೂಗಿದ. ಸಮಿತಿಯವರಿಗೂ ಆ ಮಾತು ಹಿಡಿಸಿತೆಂದು ಕಾಣುತ್ತದೆ. ಮಾತಾಗಿದ್ದು 65 ಸಾವಿರ, ಅಡ್ವಾನ್ಸ್ 20 ಕೊಟ್ಟಿದ್ದರು, ಬಾಕಿ 45ರಲ್ಲಿ 15 ಸಾವಿರ ಹಿಡಿದುಕೊಂಡರು. ‘ಹಾಡಿದ್ದು 25 ನಿಮಿಷ, ಪೂರ್ತಿ ಪೇಮೆಂಟ್ ಹೆಂಗೆ ಕೊಡೋದು ನೀವೇ ಹೇಳಿ’ ಎಂದು ಓನರಿಗೇ ನ್ಯಾಯ ಕೇಳಿದರು. 11.40ರವರೆಗೆ ಮಾತುಕತೆ ನಡೆದು, ಆ 15 ಸಾವಿರ ಹೋದದ್ದೇ. ‘ಜಾಸ್ತಿ ಜಗಳ ಆಡಿದ್ರೆ ಮುಂದಿನ ವರ್ಷ ಕರೆಯಲ್ಲ, ಪಕ್ಕದೂರಿಗೂ ಹೇಳ್ತಾರೆ’ ಎಂದು ಓನರು ಸುಮ್ಮನಾದರು. ಗೆಳೆಯನಿಗೆ ಬರಬೇಕಾಗಿದ್ದ 2,500ರಲ್ಲಿ ಬಂದದ್ದು 1,700. ತಣ್ಣಗಾಗಿದ್ದ ಪಲಾವ್ ತಿಂದು, ಅದೇ ಸ್ಕೂಲಿನ ರೂಮಿನಲ್ಲಿ ಜಮಖಾನ ಹಾಸಿ ಮಲಗಿದೆವು. ಮಲಗುವ ಮುಂಚೆ ಅವನು ಬೆರಳಿನ ಪ್ಲಾಸ್ಟರ್ ಕೀಳುತ್ತಾ, ‘ನೋಡು, ಇವತ್ತು ಬೆರಳು ನೋಯ್ತಾನೇ ಇಲ್ಲ’ ಎಂದು ನಕ್ಕ. ನನಗೆ ನಗು ಬರಲಿಲ್ಲ.

ಈಗ ನಿಯಮದ ವಿಷಯ. ಶಬ್ದಮಾಲಿನ್ಯ ನಿಯಮ ಜಾರಿಗೆ ಬಂದದ್ದು 2000ನೇ ಇಸವಿಯಲ್ಲಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಅದು ಸರಿಯೆಂದು ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿದೆ. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗಾಗಿ ವರ್ಷದಲ್ಲಿ ಹೆಚ್ಚೆಂದರೆ 15 ದಿನ ರಾತ್ರಿ 12ರವರೆಗೆ ಬಿಡಲು ರಾಜ್ಯ ಸರ್ಕಾರಕ್ಕೆ ಅವಕಾಶವೂ ಇದೆ. ನನಗೆ ಈ ನಿಯಮದ ಮೇಲೆ ಸಿಟ್ಟಿಲ್ಲ. ನಮ್ಮಮ್ಮ ಕೊನೆಯ ಎರಡು ವರ್ಷ ಹಾಸಿಗೆ ಹಿಡಿದಿದ್ದಾಗ ಬೀದಿಯ ಗಣಪತಿ ಪೆಂಡಾಲಿನ ಡಿಜೆ ಸದ್ದಿಗೆ ಮಂಚದ ಕೆಳಗಿನ ಸ್ಟೀಲ್ ತಟ್ಟೆ ಗಡಗಡ ಅನ್ನುತ್ತಿತ್ತು. ಆಗ 10 ಗಂಟೆ ಆಗುವುದನ್ನೇ ಕಾಯುತ್ತಿದ್ದವನು ನಾನು. ಪತ್ರ ಬರೆದ ಓದುಗರು ಕೇಳಿದಂತೆ 12ರವರೆಗೆ ಬಿಟ್ಟರೆ ಏನಾಗುತ್ತದೆ? ಸನ್ಮಾನಿತರು 23ರಿಂದ 60ಕ್ಕೆ ಏರುತ್ತಾರೆ, ಆರ್ಕೆಸ್ಟ್ರಾ 11.35ಕ್ಕೆ ಶುರುವಾಗುತ್ತದೆ, ಮಲಗಿದವರ ನಿದ್ದೆಯೂ ಹೋಗುತ್ತದೆ. ಕರಾವಳಿಯ ಯಕ್ಷಗಾನದವರು ಬೆಳಗಿನವರೆಗೆ ಆಡುತ್ತಿದ್ದ ಆಟವನ್ನೇ ಕಾಲಮಿತಿಗೆ ಇಳಿಸಿ ಒಗ್ಗಿಸಿಕೊಂಡಿದ್ದಾರೆ. ಶಾಲಿನವರಿಗೆ ಯಾಕೆ ಆಗದು?

ಆಗುತ್ತದೆ ಎನ್ನುವುದನ್ನು ಮರುದಿನವೇ ನೋಡಿದೆ.

ಭಾನುವಾರದ ಪ್ರೋಗ್ರಾಂ ವಾಪಸ್ ಬರುವ ದಾರಿಯಲ್ಲಿ, ಕಡೂರು ತಾಲ್ಲೂಕಿನ ಒಂದು ಚಿಕ್ಕ ಹಳ್ಳಿಯಲ್ಲಿ. ಅಲ್ಲಿನ ಜಾತ್ರಾ ಸಮಿತಿಯಲ್ಲಿ ಒಬ್ಬ ನಿವೃತ್ತ ಹೆಡ್‌ಮಾಸ್ಟರ್ ಇದ್ದರು. ಗಾಡಿ ಇಳಿದ ಕೂಡಲೇ ಅವರ ಮನೆಯವರು ಬಂದು ಅಕ್ಕನನ್ನೂ ಇನ್ನೊಬ್ಬ ಗಾಯಕಿಯನ್ನೂ ‘ಬನ್ರಮ್ಮಾ, ಬಿಸಿನೀರಿದೆ’ ಎಂದು ಮನೆಗೆ ಕರೆದುಕೊಂಡು ಹೋದರು. ಅಕ್ಕ ಆ ಊರನ್ನು ಇನ್ನು ಮೇಲೆ ಬಿಸಿನೀರಿನ ಊರು ಎಂದೇ ನೆನಪಿಟ್ಟುಕೊಳ್ಳುತ್ತಾರೆ.

ಆಹ್ವಾನ ಪತ್ರಿಕೆಯಲ್ಲಿ 6.30 ಎಂದಿತ್ತು, ‘ಸರಿಯಾಗಿ’ ಎಂದಿರಲಿಲ್ಲ. 6.33ಕ್ಕೆ ಮೇಷ್ಟ್ರು ಶಾಲೆಯ ಗಂಟೆಯನ್ನೇ ತರಿಸಿ ಹೊಡೆಸಿದರು. ವೇದಿಕೆಯಲ್ಲಿ ಐದು ಕುರ್ಚಿ. ಸನ್ಮಾನ ಎರಡೇ: ಒಬ್ಬರು ಊರಿನ ನೀರುಗಂಟಿ, ಇನ್ನೊಬ್ಬಳು ಎಸ್ಸೆಸ್ಸೆಲ್ಸಿಯಲ್ಲಿ ಚೆನ್ನಾಗಿ ಅಂಕ ತೆಗೆದ ಹುಡುಗಿ. ನೀರುಗಂಟಿಗೆ ಶಾಲು ಹೊದೆಸಿದಾಗ ಇಡೀ ಊರು ಶಿಳ್ಳೆ ಹೊಡೆಯಿತು, ಯಾಕೆಂದರೆ ಅವನ ವಾಲ್ವಿನ ಮೇಲೆ ಎಲ್ಲರ ಮನೆಯೂ ನಿಂತಿದೆ. ಅಧ್ಯಕ್ಷರ ಮಾತು ಉದ್ದವಾಗುವ ಸೂಚನೆ ಕಂಡಾಗ ಮೇಷ್ಟ್ರು ಕೂತಲ್ಲಿಂದಲೇ ಗಂಟೆಯ ಕಡೆ ನೋಡಿದರು. ಅಧ್ಯಕ್ಷರು ಅವರ ಹಳೇ ವಿದ್ಯಾರ್ಥಿಯಂತೆ, ಅಲ್ಲೇ ಮುಗಿಸಿದರು. 6.58ಕ್ಕೆ ಆರ್ಕೆಸ್ಟ್ರಾ ಶುರು.

ಆ ಮೂರು ಗಂಟೆಯ ಬಗ್ಗೆ ಬರೆಯುತ್ತಾ ಹೋದರೆ ನಿಮ್ಮ ಪುಟ ಸಾಲದು. ಹಾಡು ಕೋರುವ ಚೀಟಿಗಳು ಹತ್ತು, ಇಪ್ಪತ್ತರ ನೋಟಿನ ಜೊತೆ ವೇದಿಕೆಗೆ ಬರುತ್ತಲೇ ಇದ್ದವು. ಅಣ್ಣಾವ್ರ ಹಾಡು ಬಂದಾಗಲೆಲ್ಲ ಹಿಂದಿನ ಸಾಲಿನ ಮುದುಕರೂ ಎದ್ದು ನಿಂತರು. ಎಂಟೂವರೆ ಸುಮಾರಿಗೆ ಜನಪದ ಗೀತೆ ಬೇಕೆಂದು ಹೆಂಗಸರ ಕಡೆಯಿಂದ ಚೀಟಿ ಬಂತು. ಗೆಳೆಯ ಪ್ಯಾಡನ್ನು ಪಕ್ಕದ ಹುಡುಗನಿಗೆ ಬಿಟ್ಟು, ಹಿಂದೆ ಹೋಗಿ, ಬಟ್ಟೆ ಬಿಚ್ಚಿ ಡೋಲಕ್ ತಂದ. ಹಗ್ಗದ ಬಳೆಗಳನ್ನು ಒಂದೊಂದಾಗಿ ಎಳೆದು, ಕಿವಿಗೆ ಹತ್ತಿರ ಹಿಡಿದು ಬೆರಳಿನಲ್ಲಿ ತಟ್ಟಿ ನೋಡಿದ. ಹಳೆಯ ವಾಚಿಗೆ ಕೀ ಕೊಟ್ಟು ನಾನು ಕಿವಿಗೆ ಹಿಡಿಯುತ್ತೇನಲ್ಲ, ಥೇಟ್ ಹಾಗೆ. ಆಮೇಲೆ ಅವನು ಬಾರಿಸಿದ್ದನ್ನು ಹೇಳುವ ಭಾಷೆ ನನ್ನಲ್ಲಿಲ್ಲ. ನಾನು ಆ ಒಂದು ಹಾಡಿಗೆ ಮಾತ್ರ ಟೈಮ್ ಬರೆದುಕೊಳ್ಳಲಿಲ್ಲ.

9.50ಕ್ಕೆ ಮಂಗಳ ಹಾಡಿ ಮುಗಿಸಿದರು. ಪೊಲೀಸರು ಬಂದಿದ್ದರು, ಕೊನೆಯ ಎರಡು ಹಾಡು ಕೇಳಿಕೊಂಡು ಹೋದರು. ಮಾತಾಗಿದ್ದು 50 ಸಾವಿರ, ಹಿಂದಿನ ದಿನದ ಊರಿಗಿಂತ ಕಡಿಮೆ. ಆದರೆ ವೀಳ್ಯದೆಲೆ ಅಡಿಕೆಯ ಜೊತೆ ಪೂರ್ತಿ ಬಾಕಿ ತಟ್ಟೆಯಲ್ಲಿಟ್ಟು ಕೊಟ್ಟರು. ರಾಗಿಮುದ್ದೆ, ಅವರೆಕಾಳು ಸಾರು ಬಿಸಿಯಾಗಿತ್ತು.

ನನ್ನ ಕೋರಿಕೆ ಇಷ್ಟೇ. ಬಯಲು ಕಾರ್ಯಕ್ರಮಕ್ಕೆ ಧ್ವನಿವರ್ಧಕದ ಅನುಮತಿಯನ್ನು ಹೇಗೂ ಬರೆದುಕೊಟ್ಟೇ ಪಡೆಯಬೇಕು. ಆ ಅರ್ಜಿಯ ಜೊತೆಗೆ ಸಭೆ ಎಷ್ಟಕ್ಕೆ ಮುಗಿಯುತ್ತದೆ, ಸಂಗೀತ ಎಷ್ಟಕ್ಕೆ ಶುರುವಾಗುತ್ತದೆ ಎಂದೂ ಬರೆಸಿಕೊಳ್ಳಲಿ. ಸಮಿತಿಯವರು ಸನ್ಮಾನವನ್ನು ಬೆಳಗ್ಗೆ ದೇವಸ್ಥಾನದಲ್ಲೇ ಇಟ್ಟುಕೊಳ್ಳಬಹುದು, ದೇವರೂ ನೋಡಿದ ಹಾಗಾಗುತ್ತದೆ. ಆರ್ಕೆಸ್ಟ್ರಾದ ಓನರುಗಳು ಕರಾರು ಪತ್ರದಲ್ಲಿ ‘ವೇದಿಕೆಯನ್ನು 7.30ರೊಳಗೆ ಬಿಟ್ಟುಕೊಡದಿದ್ದರೂ ಪೇಮೆಂಟ್ ಪೂರ್ತಿ’ ಎಂದು ಒಂದು ಸಾಲು ಸೇರಿಸಲಿ. ಒಬ್ಬರೇ ಸೇರಿಸಿದರೆ ಪ್ರೋಗ್ರಾಂ ಸಿಗುವುದಿಲ್ಲ ಎಂದು ಗೆಳೆಯ ಹೇಳುತ್ತಾನೆ, ಎಲ್ಲರೂ ಸೇರಿ ಸೇರಿಸಿದರೆ? ಮತ್ತೆ, ಸ್ಟೇಜ್ ಹಿಂದಿನ ಸ್ಕೂಲಿನ ಬೀಗದ ಕೈ. ಅದಕ್ಕೆ ಯಾವ ನಿಯಮವೂ ಬೇಡ, ಯಾರಾದರೂ ಒಬ್ಬರು ಸಂಜೆ ನಾಲ್ಕಕ್ಕೆ ತಂದುಕೊಟ್ಟರೆ ಸಾಕು.

ಈ ಪತ್ರ ಬರೆದು ಮಡಿಸುತ್ತಿರುವಾಗ ಗೆಳೆಯನಿಂದ ಮೊಬೈಲಿಗೆ ಇನ್ನೊಂದು ಆಹ್ವಾನ ಪತ್ರಿಕೆ ಬಂತು, ಬರುವ ಶನಿವಾರದ್ದು. ‘ಬರ್ತೀಯೇನೋ?’ ಎಂದು ಕೇಳಿದ್ದಾನೆ. ಮೇಲುಗಡೆ ‘ಸಂಜೆ 6 ಗಂಟೆಗೆ ಸರಿಯಾಗಿ’ ಎಂದಿದೆ. ಕೆಳಗೆ ಸನ್ಮಾನಿತರ ಫೋಟೋಗಳು ಸಾಲಾಗಿವೆ. ವಾಚ್ ಬಿಚ್ಚುವಾಗ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಇಟ್ಟುಕೊಂಡು ಎಣಿಸಿದೆ. 31 ಇವೆ. ಇನ್ನೂ ಉತ್ತರ ಕೊಟ್ಟಿಲ್ಲ.

ಇತಿ,
ವಾಚ್ ರಿಪೇರಿಯವನು,
ಅರಸೀಕೆರೆ